ಕಾರ್ಥೇಜಿನ ಇಬ್ಬರು ತಾಯಂದಿರು



ಮಾರ್ಚ್ 7ರಂದು ಧರ್ಮಸಭೆಯು ಸಂತ ಪೆರ್ಪೆತುವಾ ಮತ್ತು ಸಂತ ಫೆಲಿಸಿತಾ ಅವರನ್ನು ಸ್ಮರಿಸುತ್ತದೆ. ಸಾಮಾನ್ಯವಾಗಿ ತಪಸ್ಸುಕಾಲದಲ್ಲಿ ಬರುವ ಈ ದಿನ ಸದ್ದಿಲ್ಲದೆ ಸರಿದುಹೋಗುತ್ತದೆ. ಆದರೆ ಸಂಸಾರವಂದಿಗರು ಇದನ್ನು ಮರೆಯಬಾರದು. ಈ ರಕ್ತಸಾಕ್ಷಿಗಳಿಬ್ಬರೂ ತಾಯಂದಿರು.

ಕ್ರಿ.ಶ. 203. ಇಂದಿನ ಟ್ಯುನೀಷಿಯಾ ದೇಶದಲ್ಲಿರುವ ಕಾರ್ಥೇಜ್ ನಗರ. ಸೆಪ್ಟಿಮಿಯಸ್ ಸೆವೆರಸ್ ರೋಮಿನ ಚಕ್ರವರ್ತಿ. ಪೆರ್ಪೆತುವಾ ಸುಮಾರು 22 ವರ್ಷದ ಕುಲೀನ ಮನೆತನದ ವಿದ್ಯಾವಂತೆ. ಎದೆಹಾಲು ಕುಡಿಯುವ ಗಂಡುಮಗುವಿನ ತಾಯಿ. ಫೆಲಿಸಿತಾ ದಾಸಿ, ಗರ್ಭಿಣಿ. ಬಂಧನವಾದಾಗ ಇವರಿನ್ನೂ ದೀಕ್ಷಾಸ್ನಾನಕ್ಕೆ ಸಿದ್ಧರಾಗುತ್ತಿದ್ದವರು. ಇವರಿಗೆ ಬೋಧಿಸಿದ ಸಾತುರಸ್ ಆಗ ಅಲ್ಲಿರಲಿಲ್ಲ. ತಾನಾಗಿಯೇ ಬಂದು ಸೆರೆಯಾದ. ಶಿಷ್ಯರನ್ನು ಮುಂದೆ ಬಿಟ್ಟು ಹಿಂದೆ ನಿಲ್ಲುವ ಗುರು ಅವನಲ್ಲ.

ಸೆರೆಮನೆಯಲ್ಲಿ ಪೆರ್ಪೆತುವಾ ದಿನಚರಿ ಬರೆದಳು. ಕ್ರೈಸ್ತ ಸ್ತ್ರೀಯೊಬ್ಬಳು ಬರೆದು ಉಳಿದುಬಂದಿರುವ ಅತಿ ಹಳೆಯ ಬರಹಗಳಲ್ಲಿ ಅದೂ ಒಂದು. ಅದರಲ್ಲಿ ದೊಡ್ಡ ಮಾತುಗಳಿಗಿಂತ ಹೆಚ್ಚಾಗಿ ಕತ್ತಲು, ಸೆಕೆ, ಮಗುವಿನ ಚಿಂತೆಯಿದೆ. ಮಗುವನ್ನು ಜೊತೆಯಲ್ಲಿಟ್ಟುಕೊಳ್ಳಲು ಅನುಮತಿ ಸಿಕ್ಕಾಗ ಆ ಸೆರೆಮನೆಯೇ ಅವಳಿಗೆ ಅರಮನೆಯಾಯಿತು.

ಅವಳ ತಂದೆ ಕ್ರೈಸ್ತನಲ್ಲ. ಮೊದಲು ಸಿಟ್ಟಿನಿಂದ ಬಂದ. ಮತ್ತೆ ಬಂದಾಗ ಮಗಳ ಕೈಗೆ ಮುತ್ತಿಟ್ಟು, ಕಾಲಿಗೆ ಬಿದ್ದು ಅತ್ತ. ವಿಚಾರಣೆಯ ದಿನ ಮೊಮ್ಮಗನನ್ನು ಎತ್ತಿಕೊಂಡು ಎಲ್ಲರೆದುರು ಬೇಡಿಕೊಂಡ. ಅಧಿಕಾರಿ ಹಿಲಾರಿಯಾನಸ್ ಕೂಡ ತಂದೆಯ ನರೆತ ಕೂದಲನ್ನೂ ಮಗುವಿನ ಎಳೆತನವನ್ನೂ ನೆನಪಿಸಿ, ಚಕ್ರವರ್ತಿಗಾಗಿ ಬಲಿಯರ್ಪಿಸೆಂದ. ಅವಳು ಒಪ್ಪಲಿಲ್ಲ, ತಾನು ಕ್ರೈಸ್ತಳೆಂದಳು. ತಂದೆ ಮತ್ತೂ ಅಂಗಲಾಚಿದಾಗ ಅವನನ್ನು ಕೆಳಕ್ಕೆ ತಳ್ಳಿಸಿ ಕೋಲಿನಿಂದ ಹೊಡೆಸಿದರು. ಆ ಏಟು ತನಗೇ ಬಿದ್ದಂತಾಯಿತೆಂದು ಮಗಳು ನೋವಿನಿಂದ ಬರೆದಿಟ್ಟಿದ್ದಾಳೆ.

ಕೆಲವು ಪ್ರಸಂಗಗಳಲ್ಲಿ ಈ ತಂದೆಯನ್ನು ಸೈತಾನನ ದೂತನಂತೆ ಚಿತ್ರಿಸುವುದುಂಟು. ನನಗದು ಸರಿಕಾಣದು. ಮಗಳ ಜೀವಕ್ಕಾಗಿ ಅತ್ತ ಮುದುಕ ಆತ. ಪೆರ್ಪೆತುವಾಳೂ ಅವನನ್ನು ಹಾಗೆಯೇ ಕಂಡಳು; ಪ್ರೀತಿ ಕಡಿಮೆಯಾಗಲಿಲ್ಲ, ಉತ್ತರವೂ ಬದಲಾಗಲಿಲ್ಲ. ತಂದೆತಾಯಿಗಳಿಗಿಂತ ನನ್ನನ್ನು ಹೆಚ್ಚಾಗಿ ಪ್ರೀತಿಸಬೇಕೆಂಬ ಪ್ರಭುವಿನ ಬೋಧನೆ ಮನೆಯವರನ್ನು ದ್ವೇಷಿಸಲು ಪರವಾನಗಿಯಲ್ಲ. ಮನೆಯವರು ಪ್ರೀತಿಪಾತ್ರರಾಗಿರುವುದರಿಂದಲೇ ಅದು ಅಷ್ಟು ಕಠಿಣ.

ಫೆಲಿಸಿತಾಳ ಅಳಲು ಬೇರೆ. ಗರ್ಭಿಣಿಯರನ್ನು ಕೊಲ್ಲಲು ಕಾನೂನು ಬಿಡುತ್ತಿರಲಿಲ್ಲ. ಸಂಗಾತಿಗಳು ಹೋದ ಮೇಲೆ ಕೊಲೆಪಾತಕರ ನಡುವೆ ಒಂಟಿಯಾಗಿ ಸಾಯಬೇಕಾದೀತೆಂದು ಕೊರಗಿದಳು. ಎಲ್ಲರೂ ಪ್ರಾರ್ಥಿಸಿದರು, ಎಂಟನೆಯ ತಿಂಗಳಲ್ಲೇ ಹೆರಿಗೆಯಾಯಿತು. ನೋವಿನಿಂದ ನರಳುತ್ತಿದ್ದವಳನ್ನು ಕಾವಲುಗಾರನೊಬ್ಬ ಹಂಗಿಸಿದ: ಇದಕ್ಕೇ ಹೀಗೆ ಅಳುವವಳು ಮೃಗಗಳ ಮುಂದೆ ಏನು ಮಾಡುವೆ? ಈ ನೋವು ತನ್ನದು, ಆಗ ನೋಯುವವನು ತನ್ನೊಳಗಿರುವ ಮತ್ತೊಬ್ಬನು ಎಂಬುದು ಅವಳ ಉತ್ತರದ ಸಾರ. ಹುಟ್ಟಿದ ಹೆಣ್ಣುಮಗುವನ್ನು ಕ್ರೈಸ್ತ ಸಹೋದರಿಯೊಬ್ಬಳು ತನ್ನ ಮಗಳಾಗಿ ಸಾಕಿದಳು.

ಕ್ರೀಡಾಂಗಣದಲ್ಲಿ ಅವರ ಮೇಲೆ ಕಾಡುಹಸುವನ್ನು ಬಿಟ್ಟರು. ಕೆಳಗೆ ಬಿದ್ದ ಪೆರ್ಪೆತುವಾ ಎದ್ದು, ಹರಿದ ಉಡುಪನ್ನು ಸರಿಪಡಿಸಿಕೊಂಡು, ಕೆದರಿದ ಕೂದಲನ್ನು ಕಟ್ಟಿದಳು. ಬಳಿಕ ಬಿದ್ದಿದ್ದ ಫೆಲಿಸಿತಾಳ ಕೈಹಿಡಿದು ಎಬ್ಬಿಸಿದಳು. ಒಡತಿಯರ ವರ್ಗದವಳೂ ದಾಸಿಯೂ ಜೊತೆಯಾಗಿ ನಿಂತರು. ಕೊನೆಗೆ ಕತ್ತಿಗೆ ಬಲಿಯಾದರು.

ಬಲಿಪೂಜೆಯಲ್ಲಿ ಗುರುಗಳು ಮೊದಲನೆಯ ಪರಮಪ್ರಸಾದ ಪ್ರಾರ್ಥನೆಯನ್ನು ಆರಿಸಿಕೊಂಡರೆ ಇವರ ಹೆಸರುಗಳು ಕೇಳಿಬರಬಹುದು. ಬಹಳ ಉದ್ದವೆಂದು ಕೆಲವರು ಗೊಣಗುವ ಪ್ರಾರ್ಥನೆ ಅದು! ಕಿವಿಗೊಟ್ಟು ಕೇಳಿ: ಅಲ್ಲಿ ದಾಸಿ ಫೆಲಿಸಿತಾಳ ಹೆಸರು ಮೊದಲು, ಪೆರ್ಪೆತುವಾಳದು ಆಮೇಲೆ.