ಸಾಕ್ಷಿಯೂ ಹೊಂಚುಗಾರನೂ

ಮಾನ್ವಿಗೆ ಸಮೀಪದ ನೀರಮಾನ್ವಿಯು ಯಲ್ಲಮ್ಮನ ಜಾತ್ರೆಯಿಂದ ಸುತ್ತಲ ಸೀಮೆಗೆಲ್ಲ ಪರಿಚಿತವಾದ ಊರು. ಭತ್ತ ಹತ್ತಿಗಳ ದರ ತಿಳಿಯುವುದಕ್ಕೆ ಹಿಂದೆ ರಾಯಚೂರಿನ ದಲಾಲಿ ಅಂಗಡಿಗಳವರೆಗೆ ಹೋಗಿಬರಬೇಕಾಗಿದ್ದ ಇಂಥ ಊರುಗಳಲ್ಲಿ, ಪಡಸಾಲೆಯ ಮೂಲೆಯಲ್ಲೊಂದು ಕಂಪ್ಯೂಟರನ್ನಿರಿಸಿಕೊಂಡು, ಬೆಳಗಿನ 9.15ರಿಂದ ಮಧ್ಯಾಹ್ನದ 3.30ರ ತನಕ ಮುಂಬಯಿಯ ಶೇರುಪೇಟೆಯಲ್ಲಿ ಕೊಳ್ಳುವ, ಮಾರುವ ತರುಣನೊಬ್ಬನನ್ನು ಕಲ್ಪಿಸಿಕೊಳ್ಳುವುದು ಇಂದು ಕಷ್ಟವೇನಲ್ಲ. ಆತನು ಪಾಸ್‌ವರ್ಡನ್ನು ಮತ್ತೆ ಮತ್ತೆ ಬದಲಿಸುತ್ತಲೂ, ಮೊಬೈಲಿಗೆ ಬಂದ ಒಟಿಪಿಯನ್ನು ಅಂಗೈಯಲ್ಲಿ ಮರೆಮಾಡಿ ಓದುತ್ತಲೂ ಇರುವುದನ್ನು ಕಂಡ ಮನೆಯ ಹಿರಿಯರು, "ಎಲ್ಲಾ ನೋಡೋ ದೇವರು ಒಬ್ಬ ಅದಾನಲ್ಲೋ ತಮ್ಮಾ, ಅವನ ಮುಂದ ಮುಚ್ಚಾಕ ಆಗಂಗಿಲ್ಲ. ತಪ್ಪು ಮಾಡಲಾರದವಗ ಮಂದಿ ಮುಂದ ಮುಚ್ಚೋದರ ಏನೈತಿ?" ಎಂದು ಕೇಳಿದರೆ, ಆ ಪ್ರಶ್ನೆಯು ನಕ್ಕು ತಳ್ಳಿಹಾಕತಕ್ಕದ್ದಲ್ಲ. ಗುಟ್ಟಿಗೂ ಪಾಪಕ್ಕೂ ನಂಟು ಕಟ್ಟುವ ಅಭ್ಯಾಸವು ನಮ್ಮ ಧರ್ಮಬುದ್ಧಿಯಲ್ಲಿ ಬಹುಕಾಲದಿಂದ ಬೇರೂರಿದೆ.

ಈ ಪ್ರಶ್ನೆಗೆ ಉತ್ತರವನ್ನು ಹುಡುಕುವುದಕ್ಕೆ ನೀರಮಾನ್ವಿಯವರು ದೂರ ಹೋಗಬೇಕಾಗಿಲ್ಲ. ಪಕ್ಕದ ಮಾನ್ವಿಯು ಜಗನ್ನಾಥದಾಸರ ಊರು. 1728ರಲ್ಲಿ ಬ್ಯಾಗವಾಟದಲ್ಲಿ ಹುಟ್ಟಿ 1809ರ ವರೆಗೆ ಬಾಳಿದ ಆ ಮಹನೀಯರು ತಮ್ಮ ಹರಿಕಥಾಮೃತಸಾರದ ಒಂದು ಸಂಧಿಯನ್ನು ಭಗವಂತನ ವ್ಯಾಪ್ತಿಯ ನಿರೂಪಣೆಗೇ ಮೀಸಲಿಟ್ಟರು. ಸರ್ವತ್ರ ವ್ಯಾಪಿಸಿದವನೂ, ಜೀವನ ಒಳಗಿದ್ದು ಅವನ ಕ್ರಿಯೆಗಳನ್ನೆಲ್ಲ ನಡೆಸತಕ್ಕವನೂ ಆದ ಭಗವಂತನಿಗೆ ಕಾಣದ ಮೂಲೆಯಿಲ್ಲವೆಂಬುದು ದಾಸರ ಮಾಧ್ವ ಸಂಪ್ರದಾಯದಲ್ಲಿ ಸಿದ್ಧವಾದ ಮಾತು. ಹಿರಿಯರ ಪ್ರಶ್ನೆಯೂ ಅಲ್ಲಿಂದಲೇ ಬಂದುದು. ಆದರೆ ಅದೇ ಮಧ್ವಸಿದ್ಧಾಂತವು ಪಂಚಭೇದವನ್ನೂ ಹೇಳುತ್ತದೆಂಬುದನ್ನು, ಅದರಲ್ಲಿ ಜೀವನಿಗೂ ಜೀವನಿಗೂ ಇರುವ ಭೇದವು ಸತ್ಯವೂ ನಿತ್ಯವೂ ಆದುದೆಂಬುದನ್ನು ನಾವು ಮರೆಯುತ್ತೇವೆ. ಪ್ರತಿಯೊಬ್ಬ ಜೀವನಿಗೂ ತನ್ನ ಸುಖದುಃಖಗಳನ್ನು ನೇರಾಗಿ ಅರಿಯತಕ್ಕ ಸಾಕ್ಷಿಯೆಂಬ ಸ್ವರೂಪೇಂದ್ರಿಯವೊಂದುಂಟು. ಒಬ್ಬನ ಸಾಕ್ಷಿಗೆ ಗೋಚರವಾದುದು ಮತ್ತೊಬ್ಬನ ಸಾಕ್ಷಿಗೆ ಗೋಚರವಲ್ಲ. ನನ್ನ ಒಳಗು ನಿನ್ನದಲ್ಲವೆಂಬುದು ಈ ದರ್ಶನದಲ್ಲಿ ಪಾಪಿಯ ಹಟವಾಗಿರದೆ ಸೃಷ್ಟಿಯ ಕಟ್ಟೇ ಆಗಿದೆ. ಭಗವಂತನು ಕಾಣಬಲ್ಲನೆಂಬ ಕಾರಣದಿಂದ ನೆರೆಯವನೂ ಕಾಣಬಹುದೆಂದು ವಾದಿಸುವವನು ತಾನರಿಯದೆ ಜೀವನನ್ನು ಈಶ್ವರನ ಪೀಠದಲ್ಲಿ ಕೂರಿಸುತ್ತಾನೆ. ಮಾನ್ವಿಯ ದಾಸರಿಗೆ ಇದಕ್ಕಿಂತ ಅಸಹ್ಯವಾದ ಸಿದ್ಧಾಂತವು ಇನ್ನೊಂದಿರಲಾರದೆಂದು ನನ್ನ ಎಣಿಕೆ.

ಭಗವಂತನು ಆಪ್ತಕಾಮನು, ಕಂಡುದರಿಂದ ಅವನಿಗೆ ಆಗಬೇಕಾದ ಲಾಭವಿಲ್ಲ. ತರುಣನು ಅಂಜುವ, ಕಂಪ್ಯೂಟರಿನೊಳಕ್ಕೆ ಕದ್ದು ನುಸುಳುವ ಹ್ಯಾಕರನು ಕಾಣುವುದಾದರೋ ಕೊರತೆಯಿಂದ. ಆದರೂ ಮೇಲುನೋಟಕ್ಕೆ ಇವರಿಬ್ಬರಲ್ಲಿ ಒಂದು ವಿಚಿತ್ರವಾದ ಸಾಮ್ಯವುಂಟು, ಮನುಷ್ಯನು ಮೋಸಹೋಗುವುದೂ ಅದರಿಂದಲೇ. ಹಿಂದಿನ ಕಳ್ಳನು ಕನ್ನ ಕೊರೆದು ಪೆಟ್ಟಿಗೆಯನ್ನು ಬರಿದುಮಾಡಿ ಹೋದರೆ ಬೆಳಗಾಗುತ್ತಲೇ ಮನೆಯವರಿಗೆ ತಿಳಿಯುತ್ತಿದ್ದಿತು. ಈಗಿನವನು ಕದ್ದದ್ದು ಕದ್ದಲ್ಲಿಯೇ ಇರುತ್ತದೆ. ಕೀಲಿಮಣೆಯ ಮೇಲೆ ಒತ್ತಿದ ಒಂದೊಂದು ಅಕ್ಷರವನ್ನೂ ಬರೆದಿಟ್ಟುಕೊಳ್ಳುವ ಕೀಲಾಗರ್ ಎಂಬ ಗುಪ್ತ ತಂತ್ರಾಂಶವು ಒಮ್ಮೆ ಒಳಹೊಕ್ಕಿತೆಂದರೆ, ತರುಣನು ಬ್ರೋಕರನ ಖಾತೆಗೆ ಪ್ರವೇಶಿಸುವಾಗ ಒತ್ತಿದ ಹೆಸರು, ಅದರ ಬೆನ್ನಿಗೆ ಒತ್ತಿದ ಪಾಸ್‌ವರ್ಡು, ನಡುವೆ ತಪ್ಪಿ ಒತ್ತಿ ಅಳಿಸಿದ ಅಕ್ಷರವು ಸಹ, ಎಲ್ಲವೂ ಅದೆಲ್ಲಿಯೋ ಕುಳಿತವನಿಗೆ ಸಾಲಾಗಿ ತಲಪುತ್ತವೆ. ಪರದೆಯ ಮೇಲೆ ಮಾತ್ರ ಏನೂ ಅಲುಗುವುದಿಲ್ಲ. ತಿಂಗಳುಗಟ್ಟಲೆ ಹೀಗೆ ಮೌನವಾಗಿ ಕಂಡು, ಖಾತೆಯಲ್ಲಿ ಹಣ ತುಂಬಿದ ದಿನ ಕೈಹಾಕುವವನು ಸಾಕ್ಷಿಯ ವೇಷದ ಹೊಂಚುಗಾರನು.

ಗುಟ್ಟು ನಿರ್ದೋಷವಾಗಿರಬಲ್ಲುದೆಂಬುದಕ್ಕೆ ನಮ್ಮ ದನದ ಸಂತೆಗಿಂತ ಒಳ್ಳೆಯ ನಿದರ್ಶನವಿಲ್ಲ. ಎತ್ತಿನ ವ್ಯಾಪಾರಕ್ಕೆ ನಿಂತ ಇಬ್ಬರು ಟವೆಲ್ಲೊಂದನ್ನು ಕೈಗಳ ಮೇಲೆ ಹೊದಿಸಿ, ಅದರ ಮರೆಯಲ್ಲಿ ಬೆರಳುಗಳನ್ನು ಹಿಡಿದು, ಒತ್ತಿ, ಬಿಟ್ಟು ದರ ಕುದುರಿಸುತ್ತಾರೆ. ಸುತ್ತ ನೆರೆದ ಜನಕ್ಕೆ ವ್ಯಾಪಾರ ನಡೆಯುತ್ತಿದೆಯೆಂಬುದು ಗೊತ್ತು, ಯಾರಿಂದ ಯಾರಿಗೆಂಬುದೂ ಗೊತ್ತು; ಎಷ್ಟಕ್ಕೆ ಎಂಬುದು ಮಾತ್ರ ಗೊತ್ತಿಲ್ಲ. ಆ ಟವೆಲ್ಲನ್ನು ಕಂಡು "ಇವರು ಕಳ್ಳರು" ಎಂದವರುಂಟೆ? ಅದನ್ನು ಎತ್ತಿ ಇಣುಕಿದವನನ್ನು ಸಂತೆಯವರು ಬಿಟ್ಟಾರೆಯೆ? ಕಂಪ್ಯೂಟರಿನಿಂದ ಬ್ರೋಕರನವರೆಗೆ ಸಾಗುವ ಮಾತನ್ನು ಗೂಢಲಿಪಿಯಲ್ಲಿ ಮುಚ್ಚುವುದು ಅದೇ ಮರೆಯ ಇನ್ನೊಂದು ರೂಪವೇ ಹೊರತು ಹೊಸದೊಂದು ಕಪಟವಲ್ಲ.

ಇಷ್ಟಾದರೂ ಒಂದು ಆಕ್ಷೇಪ ಉಳಿಯುತ್ತದೆ. ಹಣವೆಂಬುದು ಇಂದಿದ್ದು ನಾಳೆ ಹೋಗತಕ್ಕದ್ದು. ಅದರ ಕಾವಲಿಗಾಗಿ ಇಷ್ಟು ಚಿತ್ತವನ್ನು ವ್ಯಯಿಸುವುದು ಲೋಭವಲ್ಲವೆ? ಬಸವಣ್ಣನವರ ಕುರಿತು ಬಂದ ಎರಡು ಕಥೆಗಳನ್ನು ಇಲ್ಲಿ ಜೊತೆಯಾಗಿ ನೆನೆಯತಕ್ಕದ್ದು. ಹಸುಗಳನ್ನು ಕಳ್ಳರು ಹೊಡೆದುಕೊಂಡು ಹೋದಾಗ, ತಾಯಿಯಿಲ್ಲದೆ ಅರಚುವ ಕರುಗಳನ್ನೂ ಅವರ ಹಿಂದೆಯೇ ಅಟ್ಟಿಸಿಕೊಟ್ಟರಂತೆ. ಅದೇ ಬಸವಣ್ಣನವರು ಬಿಜ್ಜಳನ ಭಂಡಾರಿಗಳಾಗಿದ್ದಾಗ, ಬೊಕ್ಕಸವನ್ನು ಸೋರಿಸಿದರೆಂಬ ಚಾಡಿ ಬಂದೊಡನೆ, ಲೆಕ್ಕವನ್ನು ಕಾಸಿಗೆ ಕಾಸು ಒಪ್ಪಿಸಿದರಂತೆ. ತನ್ನದನ್ನು ಬಿಟ್ಟುಕೊಡುವ ಔದಾರ್ಯವು ವೈರಾಗ್ಯ. ಪರರು ಒಪ್ಪಿಸಿದುದನ್ನು ಬಿಟ್ಟುಕೊಡುವ ಔದಾರ್ಯಕ್ಕೆ ಆ ಹೆಸರು ಸಲ್ಲದು. ನೀರಮಾನ್ವಿಯ ನಮ್ಮ ತರುಣನ ಕಂಪ್ಯೂಟರಿನಲ್ಲಿ ಇರುವುದು ಅವನದೊಂದೇ ಖಾತೆಯೆ? ತಾಯಿಯ ಹೆಸರಿನ ಡಿಮ್ಯಾಟ್ ಖಾತೆ, ಕಾಕನ ಬ್ಯಾಂಕಿನ ವಿವರ, ಮನೆಯವರೆಲ್ಲರ ಪ್ಯಾನ್ ಆಧಾರ್‌ಗಳ ಚಿತ್ರ, ಇವೆಲ್ಲ ಒಂದೇ ಕಡತದಲ್ಲಿ ಕೂಡಿರುತ್ತವೆ. ಒಬ್ಬರ ಖಾತೆಯನ್ನು ಮತ್ತೊಬ್ಬರು ನಡೆಸುವುದು ನಿಯಮಕ್ಕೆ ಒಗ್ಗುವುದಿಲ್ಲ. ಮನೆಗಳಲ್ಲಿ ನಡೆಯುವುದು ಮಾತ್ರ ಹೆಚ್ಚಾಗಿ ಹೀಗೆಯೇ. ಆದುದರಿಂದ ಅವನು ಒಡೆಯನಿಗಿಂತ ಹೆಚ್ಚಾಗಿ ನಿಕ್ಷೇಪಧಾರಿ, ಅನ್ಯರು ನಂಬಿ ಇಟ್ಟುದನ್ನು ಇಟ್ಟುಕೊಂಡವನು.

ನಿಕ್ಷೇಪದ ಧರ್ಮವನ್ನು ಕುರಿತು ನಮ್ಮ ಸ್ಮೃತಿಕಾರರು ವಿಸ್ತಾರವಾಗಿ ಆಲೋಚಿಸಿದ್ದರು. ಮನುವು ವ್ಯವಹಾರಪದಗಳನ್ನು ಎಣಿಸುವಾಗ ಸಾಲದ ತರುವಾಯ ಎರಡನೆಯದಾಗಿ ಹೇಳುವುದು ಇದನ್ನೇ. ಯಾಜ್ಞವಲ್ಕ್ಯಸ್ಮೃತಿಯು ಇನ್ನೂ ಸೂಕ್ಷ್ಮಕ್ಕಿಳಿದು, ಒಳಗೇನಿದೆಯೆಂದು ಹೇಳದೆ ಪೆಟ್ಟಿಗೆಯಲ್ಲಿಟ್ಟು ಒಪ್ಪಿಸಿದ ದ್ರವ್ಯವನ್ನು ಬೇರೆಯಾಗಿ ಗಣಿಸಿ, ಅದನ್ನು ಇದ್ದುದು ಇದ್ದಂತೆಯೇ ಹಿಂದಿರುಗಿಸಬೇಕೆನ್ನುತ್ತದೆ. ಇಟ್ಟುಕೊಂಡವನಿಗೆ ಒಳಗನ್ನು ನೋಡುವ ಹಕ್ಕೇ ಇಲ್ಲ. ಈ ಸ್ಮೃತಿಗೆ ಮಿತಾಕ್ಷರಾ ಎಂಬ ಪ್ರಖ್ಯಾತ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು 1076ರಿಂದ 1126ರ ವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನ ಕಲ್ಯಾಣಪಟ್ಟಣದವನು, ಎಂದರೆ ರಾಯಚೂರು ಸೀಮೆಯೂ ಸೇರಿದ ಈ ಕಲ್ಯಾಣ ಕರ್ನಾಟಕದವನೇ. ಅರಸನಿಂದಲೋ ದೈವದಿಂದಲೋ ಕಳ್ಳರಿಂದಲೋ ನಿಕ್ಷೇಪವು ಹೋದರೆ ಇಟ್ಟುಕೊಂಡವನು ಕೊಡಬೇಕಾಗಿಲ್ಲ. ತನ್ನ ಉಪೇಕ್ಷೆಯಿಂದ ಹೋದರೆ ಕೊಡಲೇಬೇಕು: ಸ್ಮೃತಿಗಳ ವಿವೇಚನೆಯು ಸ್ಥೂಲವಾಗಿ ಹೀಗೆ. ಕಂಪ್ಯೂಟರನ್ನು ಕಾಯುವವನ ಧರ್ಮವೆಲ್ಲ ಈ ಉಪೇಕ್ಷೆ ಎಂಬ ಒಂದು ಮಾತಿನ ಸುತ್ತ ನಿಂತಿದೆ.

ಉಪೇಕ್ಷೆಯೆಂದರೆ ಯಾವುದು? ವ್ಯಾಪಾರದ ಯಂತ್ರದಲ್ಲಿಯೇ ಮಕ್ಕಳು ಆಟಗಳನ್ನು ಇಳಿಸಿಕೊಳ್ಳಲು ಬಿಡುವುದು; ವಿಂಡೋಸ್ 10ಕ್ಕೆ ಉಚಿತವಾದ ರಕ್ಷಣೆಯ ಪರಿಷ್ಕರಣೆಗಳು 2025ರ ಅಕ್ಟೋಬರ್ 14ಕ್ಕೆ ಸಾಮಾನ್ಯವಾಗಿ ನಿಂತುಹೋದವೆಂದು ತಿಳಿದೂ ಅದರಲ್ಲಿಯೇ ಮುಂದುವರಿಯುವುದು; ಬ್ರೋಕರನಿಗೂ ಇ-ಮೇಲಿಗೂ ಒಂದೇ ಪಾಸ್‌ವರ್ಡನ್ನಿಡುವುದು. ಇವು ಸಣ್ಣವು, ತಿದ್ದಿಕೊಳ್ಳಬಹುದಾದವು. ನನಗೆ ಇವೆಲ್ಲಕ್ಕಿಂತ ದೊಡ್ಡದಾಗಿ ತೋರುವುದು ಮತ್ತೊಂದು. ಸಾವಿರಾರು ರೂಪಾಯಿ ಬೆಲೆಬಾಳುವ ಚಾರ್ಟಿನ ತಂತ್ರಾಂಶವನ್ನು ಕ್ರ್ಯಾಕ್ ಮಾಡಿ ಪುಕ್ಕಟೆ ಹಂಚುವವರಿಂದ ಪಡೆದು, ಅದು ಕೆಲಸಮಾಡಬೇಕಾದರೆ ಆಂಟಿವೈರಸ್ಸನ್ನು ಆರಿಸಬೇಕೆಂಬ ಅವರ ಸೂಚನೆಯನ್ನು ವಿಧೇಯನಾಗಿ ಪಾಲಿಸುವ ವ್ಯಾಪಾರಿಯು, ಕದ್ದ ಮಾಲಿಗಾಗಿ ಕಾವಲುಗಾರನನ್ನು ತಾನೇ ಹೊರಗೆ ಕಳುಹಿಸುತ್ತಾನೆ. ಇಲ್ಲಿ ಯಂತ್ರದ ದೋಷವೇನಿದೆ? ಅಸ್ತೇಯವ್ರತಕ್ಕೆ ಭಂಗ ಮೊದಲು, ಬಾಗಿಲು ತೆರೆದುದು ಆಮೇಲೆ. 2025ರ ಜುಲೈ ತಿಂಗಳಿನಲ್ಲಿ ಭಾರತದ ಕ್ರಿಪ್ಟೊ ವಿನಿಮಯ ಸಂಸ್ಥೆಯೊಂದು ಸುಮಾರು 44 ದಶಲಕ್ಷ ಡಾಲರುಗಳನ್ನು ಕಳೆದುಕೊಂಡು, ಅದರ ನೌಕರನೊಬ್ಬನನ್ನು ಬೆಂಗಳೂರಿನ ಪೊಲೀಸರು ಬಂಧಿಸಿದಾಗ ಹೊರಬಂದ ಸಂಗತಿಯೂ ಇದರ ಸಮೀಪದ್ದೇ: ಸಂಸ್ಥೆಯು ಕೊಟ್ಟ ಲ್ಯಾಪ್‌ಟಾಪಿನಲ್ಲಿ ಅಪರಿಚಿತರಿಗಾಗಿ ಬಿಡುವಿನ ಕೆಲಸ ಮಾಡಲು ಹೋದಾಗ ಕಳ್ಳರು ಆ ದಾರಿಯಿಂದ ನುಸುಳಿದರೆಂದು ತನಿಖೆ ಮಾಡಿದವರು ಶಂಕಿಸಿದರು. ಆತನು ಅಪರಾಧಿಯೋ ಬಲಿಯೋ ಎಂಬುದನ್ನು ನ್ಯಾಯಾಲಯ ಹೇಳಬೇಕು.

ಹೊಂಚುಗಾರರೆಲ್ಲ ಕಾನೂನಿನ ಹೊರಗಿರುವವರೆಂದೂ ಭಾವಿಸಬೇಕಾಗಿಲ್ಲ. ತನಗೊಪ್ಪಿಸಿದ ನಿಕ್ಷೇಪವನ್ನು ಸ್ವೇಚ್ಛೆಯಿಂದ ಬಳಸಿ ಜೀವಿಸುವವನು ದಂಡಾರ್ಹನು, ಅದನ್ನು ಬಡ್ಡಿಸಹಿತ ಮರಳಿಸಬೇಕು ಎಂದು ಯಾಜ್ಞವಲ್ಕ್ಯನು ವಿಧಿಸಿದನು. ನಮ್ಮ ಫೋನ್ ನಂಬರನ್ನೂ ಅಭಿರುಚಿಗಳನ್ನೂ ಪಡೆದು, ಅವುಗಳನ್ನು ಮಾರಿಯೇ ಬದುಕುವ ಪುಕ್ಕಟೆ ಆ್ಯಪುಗಳನ್ನು ಈ ಕಟ್ಟಳೆಯ ಮುಂದೆ ನಿಲ್ಲಿಸಿದರೆ ಎಷ್ಟು ಉಳಿದಾವು? ಆಧುನಿಕ ನ್ಯಾಯವು ಈ ದಿಕ್ಕಿಗೆ ತಿರುಗಿದ್ದರಲ್ಲಿಯೂ ಕನ್ನಡನಾಡಿನ ಪಾಲುಂಟು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಇಳಿವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಹೂಡಿದ ದಾವೆಯಿಂದಲೇ, 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವು ಮೂಲಭೂತ ಹಕ್ಕೆಂದು ಏಕಮತದಿಂದ ಸಾರಿತು. ತಪ್ಪು ಮಾಡದವನಿಗೆ ಮುಚ್ಚಿಡುವುದೇನಿದೆಯೆಂಬ ವಾದವು ಅಂದೇ ಸೋತಿತು. ಪಡಸಾಲೆಗಳಲ್ಲಿ ಅದಿನ್ನೂ ಸೋತಿಲ್ಲ.

ಕಳುವಾದ ಮೇಲೆ ಹೊಣೆ ಯಾರದು? ಕಳ್ಳರಿಂದ ಹೋದುದನ್ನು ಅರಸನು ವಶಪಡಿಸಿ ಒಡೆಯನಿಗೆ ಮುಟ್ಟಿಸಬೇಕು, ಆಗದಿದ್ದರೆ ಸ್ವಂತ ಬೊಕ್ಕಸದಿಂದಲಾದರೂ ಕೊಡಬೇಕೆಂದು ಗೌತಮಧರ್ಮಸೂತ್ರವು ಹೇಳುತ್ತದೆ. ಇಂದಿನ ಅರಸನು ಅಷ್ಟು ದೂರ ಬಂದಿಲ್ಲ. 1930 ಎಂಬ ನಂಬರಿಗೆ ತಡಮಾಡದೆ ದೂರು ಕೊಟ್ಟರೆ, ಹಣವು ಕೈಯಿಂದ ಕೈಗೆ ಜಾರಿಹೋಗುವ ಮುನ್ನ ಅದನ್ನು ತಡೆಹಿಡಿಯುವ ಪ್ರಯತ್ನವುಂಟು. ರಿಸರ್ವ್ ಬ್ಯಾಂಕು 2017ರ ಜುಲೈನಲ್ಲಿ ಹೊರಡಿಸಿದ ಸುತ್ತೋಲೆಯಲ್ಲಿ, ದೋಷವು ಬ್ಯಾಂಕಿನದೂ ಗ್ರಾಹಕನದೂ ಅಲ್ಲದೆ ಮೂರನೆಯವರದಾದರೆ, ಮೂರು ಕೆಲಸದ ದಿನಗಳೊಳಗೆ ತಿಳಿಸಿದ ಗ್ರಾಹಕನಿಗೆ ನಷ್ಟವೇ ಇಲ್ಲವೆಂದಿತು. ಗುಪ್ತವಾದ ಸಂಖ್ಯೆಯನ್ನು ತಾನೇ ಕೊಟ್ಟವನು ಬ್ಯಾಂಕಿಗೆ ತಿಳಿಸುವ ತನಕದ ನಷ್ಟವನ್ನು ತಾನೇ ಹೊರಬೇಕೆಂದೂ ಹೇಳಿತು. ಉಪೇಕ್ಷೆಯ ಆ ಹಳೆಯ ಗೆರೆಯು ಇಲ್ಲಿಯೂ ಹಾಗೆಯೇ ಇದೆ.

ಆದರೆ ಆ ಗೆರೆಯನ್ನು ಎಲ್ಲರಿಗೂ ಒಂದೇ ಎತ್ತರದಲ್ಲಿ ಎಳೆಯುವುದು ಸರಿಯೆಂದು ನನಗೆ ತೋರುವುದಿಲ್ಲ. ಮದುವೆಯ ಕಾಲದಲ್ಲಿ ವಾಟ್ಸಾಪಿಗೆ ಲಗ್ನಪತ್ರಿಕೆಯೊಂದು ಬರುತ್ತದೆ. ಕಳುಹಿಸಿದವರ ಹೆಸರು ಬೀಗರದೇ, ಏಕೆಂದರೆ ಅವರ ಫೋನು ನಿನ್ನೆಯೇ ಕಳ್ಳರ ವಶವಾಗಿದೆ. ಕಡತದ ಹೆಸರಿನ ತುದಿಯಲ್ಲಿ ಚಿತ್ರಕ್ಕೆ ಸಲ್ಲದ ಎಪಿಕೆ ಎಂಬ ಮೂರಕ್ಷರ. ಮಗನು ಅದನ್ನು ಒತ್ತಿದರೆ ಉಪೇಕ್ಷೆಯೆನ್ನೋಣ, ಅವನಿಗೆ ಆ ಅಕ್ಷರಗಳ ಅರ್ಥ ಗೊತ್ತು. ತಾಯಿ ಒತ್ತಿದರೆ? ಯಾರ ಮನೆಯ ಮದುವೆ, ಯಾವ ಊರಿನಲ್ಲಿ ಅಕ್ಕಿಕಾಳು ಎಂದು ನೋಡುವ ಅಕ್ಕರೆಯಿಂದ ಬೆರಳನ್ನಿಟ್ಟವಳನ್ನು ಅಜಾಗರೂಕಳೆಂದು ಕರೆಯುವ ಸುತ್ತೋಲೆಯು, ಆ ಯಂತ್ರವನ್ನು ಅವಳ ಕೈಗೆ ಕೊಟ್ಟವರು ಅವಳಿಗೆ ಏನನ್ನು ಕಲಿಸಿದ್ದರೆಂದು ಮೊದಲು ಕೇಳಬೇಕಾಗಿತ್ತು. ಪಿಂಚಣಿಯೂ ಗ್ಯಾಸಿನ ಸಬ್ಸಿಡಿಯೂ ಖಾತೆಯ ಮೂಲಕವೇ ಎಂದು ವಿಧಿಸಿದವರು, ಆ ಖಾತೆಯನ್ನು ಕಾಯುವ ವಿದ್ಯೆಯನ್ನೂ ಅವಳ ಮಾತಿನಲ್ಲಿ, ಅವಳ ಅಂಗಳಕ್ಕೇ ಬಂದು ಹೇಳಿಕೊಡುವ ತನಕ, ಅವಳ ಪಾಲಿನ ನಷ್ಟವನ್ನು ಅರಸನೇ ತುಂಬತಕ್ಕದ್ದು.