‘ಹರಿಮಾಯ’ ಮೂಕಿಚಿತ್ರ ಮತ್ತು ಅಭಾವದ ಪ್ರಶ್ನೆ

‘ಇಲ್ಲ’ ಎಂಬ ಮಾತಿಗೆ ಭಾರತೀಯ ದರ್ಶನಗಳು ಕೊಟ್ಟಷ್ಟು ಗಂಭೀರ ಗಮನವನ್ನು ಇಂದಿನ ಕಲಾಚರಿತ್ರೆ ಕೊಟ್ಟಿಲ್ಲ. ನ್ಯಾಯ-ವೈಶೇಷಿಕರು ಅಭಾವವನ್ನು, ಎಂದರೆ ವಸ್ತುವಿನ ಇಲ್ಲದಿರುವಿಕೆಯನ್ನು, ಒಂದು ಪದಾರ್ಥವೆಂದೇ ಎಣಿಸಿ ಅದರಲ್ಲಿ ನಾಲ್ಕು ಬಗೆಗಳನ್ನು ಗುರುತಿಸಿದರು. ವಸ್ತು ಹುಟ್ಟುವ ಮುನ್ನ ಇರುವ ಪ್ರಾಗಭಾವಕ್ಕೆ ಆದಿಯಿಲ್ಲ, ಅಂತ್ಯವುಂಟು. ವಸ್ತು ನಾಶವಾದಾಗ ತೊಡಗುವ ಪ್ರಧ್ವಂಸಾಭಾವಕ್ಕೆ ಆದಿಯುಂಟು, ಅಂತ್ಯವಿಲ್ಲ. ಯಾವುದು ಇಲ್ಲವೋ ಅದಕ್ಕೆ ಪ್ರತಿಯೋಗಿ ಎಂದು ಹೆಸರು. ಪ್ರತಿಯೋಗಿಯ ಅರಿವಿಲ್ಲದೆ ಅದರ ಅಭಾವದ ಅರಿವೂ ಸಾಧ್ಯವಿಲ್ಲ ಎಂಬುದು ಈ ದರ್ಶನದ ನಿಲುವು.

ತುಮಕೂರು ಸೀಮೆಯ ಕಲಾಚರಿತ್ರೆಯಲ್ಲಿ ಈ ವಿಚಾರ ಕೂಡಲೇ ಅನ್ವಯಿಸುವ ಪ್ರಸಂಗವೊಂದಿದೆ. 1884ರಲ್ಲಿ ಗುಬ್ಬಿಯಲ್ಲಿ ಸ್ಥಾಪನೆಗೊಂಡು, ಆ ಊರಿನ ದೈವವಾದ ಚನ್ನಬಸವೇಶ್ವರನ ಹೆಸರನ್ನೇ ಹೊತ್ತ ನಾಟಕ ಸಂಘವನ್ನು ನಾಡಿನ ಮನೆಮಾತಾಗಿಸಿದ ಗುಬ್ಬಿ ವೀರಣ್ಣನವರು ಕರ್ನಾಟಕ ಪಿಕ್ಚರ್ಸ್ ಕಾರ್ಪೊರೇಷನ್ ಮೂಲಕ ಮೂಕಿಚಿತ್ರಗಳ ನಿರ್ಮಾಣಕ್ಕೂ ಕೈಹಾಕಿದರು. ಬೆಲ್ಜಿಯಂ ಮೂಲದ ರಫಾಯೆಲ್ ಅಲ್ಗೊಯೆಟ್ ನಿರ್ದೇಶಿಸಿದ ‘ಹಿಸ್ ಲವ್ ಅಫೇರ್’ 1931ರದು. ಮುಂದೆ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ವನ್ನು ನಿರ್ದೇಶಿಸಲಿದ್ದ ವೈ.ವಿ. ರಾವ್ ಅವರ ‘ಹರಿಮಾಯ’ 1932ರದು. ಹೆಸರು, ವರ್ಷ, ನಿರ್ದೇಶಕ ಎಂಬ ವಿವರಗಳು ಚಲನಚಿತ್ರ ಚರಿತ್ರೆಯಲ್ಲಿ ದಾಖಲಾಗಿವೆ, ಆದರೆ ಇಂದು ಕುಳಿತು ನೋಡಲು ಒಂದು ಪ್ರತಿಯೂ ದೊರೆಯದು. ಭಾರತದಲ್ಲಿ ತಯಾರಾದ ಸುಮಾರು 1,300 ಮೂಕಿಚಿತ್ರಗಳಲ್ಲಿ ಉಳಿದವು ಬೆರಳೆಣಿಕೆಯವು, ಅವುಗಳಲ್ಲೂ ಹಲವು ತುಣುಕುಗಳು ಮಾತ್ರ. ಆ ಕಾಲದ ನೈಟ್ರೇಟ್ ಫಿಲ್ಮ್ ಬೇಗ ಬೆಂಕಿಗೆ ತುತ್ತಾಗುತ್ತಿತ್ತು, ಸೆಕೆಯಲ್ಲಿ ತಾನಾಗಿಯೇ ಜಿಗುಟಾಗಿ ಕೊಳೆಯುತ್ತಿತ್ತು. ಆಟ ಮುಗಿದ ಪ್ರತಿಗಳನ್ನು ಅವುಗಳಲ್ಲಿದ್ದ ಬೆಳ್ಳಿಗಾಗಿ ಕರಗಿಸುವುದೂ ಉಂಟಾಗಿತ್ತು. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಗಾರ ಸ್ಥಾಪನೆಯಾದದ್ದು 1964ರಲ್ಲಿ, ಎಂದರೆ ಮೂಕಿಯುಗ ಮುಗಿದು ಮೂವತ್ತು ವರ್ಷ ಕಳೆದ ಮೇಲೆ.

ಇಲ್ಲಿ ಆಲೋಚನೆಯನ್ನು ತಡೆದು ನಿಲ್ಲಿಸುವ ಸಂಗತಿಯೊಂದಿದೆ. ರಾತ್ರಿ ಕಳೆದರೆ ಮುಗಿದುಹೋಗುವ ಕಲೆಯೆಂದು ಭಾವಿಸಲಾದ ಕಂಪನಿ ನಾಟಕ ಉಳಿಯಿತು, ಶಾಶ್ವತವಾಗಿ ಮುದ್ರಿತವಾಯಿತೆಂದು ನಂಬಲಾದ ಚಿತ್ರ ಅಳಿಯಿತು. ಗುಬ್ಬಿ ಕಂಪನಿಯ ‘ಸದಾರಮೆ’ ನಟರ ಕಂಠದಿಂದ ಕಂಠಕ್ಕೆ ದಾಟಿ, 1935ರಲ್ಲಿ ತೆರೆಗೂ ಬಂದು, ರಂಗದ ಮೇಲೆ ಮತ್ತೆ ಮತ್ತೆ ಹುಟ್ಟುತ್ತಲೇ ಇದೆ, ಏಕೆಂದರೆ ನಾಟಕದ ಆಶ್ರಯ ಮನುಷ್ಯರ ಅಭ್ಯಾಸ. ಚಿತ್ರದ ಆಶ್ರಯವಾದರೋ ಒಂದು ಜಡದ್ರವ್ಯ. ಆ ದ್ರವ್ಯ ಕೆಟ್ಟರೆ ಕೃತಿಗೆ ಬೇರೆ ಒಡಲಿಲ್ಲ. ತುಮಕೂರಿನ ರಂಗಮಂದಿರಕ್ಕೆ ವೀರಣ್ಣನವರ ಹೆಸರಿದ್ದು, ಅಲ್ಲಿ ನಾಟಕವಾಡುವವರು ಅವರ ಪರಂಪರೆಗೆ ಸಹಜವಾಗಿಯೇ ವಾರಸುದಾರರಾಗುತ್ತಾರೆ, ಆದರೆ ‘ಹರಿಮಾಯ’ಕ್ಕೆ ಆ ಬಗೆಯ ವಾರಸುದಾರರು ಯಾರೂ ಇಲ್ಲ.

ಹಾಗಾದರೆ ಅದು ನಾಶವಾಯಿತೆಂದು ಹೇಳಲು ಪ್ರಮಾಣವೇನು? ಕುಮಾರಿಲ ಭಟ್ಟನ ಅನುಯಾಯಿಗಳಾದ ಮೀಮಾಂಸಕರೂ ಅದ್ವೈತಿಗಳೂ ಅನುಪಲಬ್ಧಿಯನ್ನು, ಎಂದರೆ ಕಾಣದಿರುವುದನ್ನು, ಅಭಾವವನ್ನು ತಿಳಿಸುವ ಸ್ವತಂತ್ರ ಪ್ರಮಾಣವೆಂದು ಒಪ್ಪುತ್ತಾರೆ, ಆದರೆ ಅದಕ್ಕೊಂದು ಕಟ್ಟುನಿಟ್ಟಾದ ನಿಬಂಧನೆಯನ್ನೂ ಸೇರಿಸುತ್ತಾರೆ. ವಸ್ತುವು ಅಲ್ಲಿದ್ದಿದ್ದರೆ ಕಂಡೇ ಕಾಣುತ್ತಿತ್ತು ಎನ್ನುವ ಸ್ಥಿತಿಯಲ್ಲಿ ಮಾತ್ರ ಕಾಣದಿರುವುದು ಇಲ್ಲದಿರುವುದಕ್ಕೆ ಸಾಕ್ಷಿಯಾಗುತ್ತದೆ. ಇದನ್ನು ಯೋಗ್ಯಾನುಪಲಬ್ಧಿ ಎನ್ನುತ್ತಾರೆ. ಬೆಳಕಿರುವ ಕೋಣೆಯಲ್ಲಿ ಕೊಡ ಕಾಣದಿದ್ದರೆ ಕೊಡವಿಲ್ಲ, ಕತ್ತಲ ಕೋಣೆಯಲ್ಲಿ ಕಾಣದಿದ್ದರೆ ಏನೂ ಸಿದ್ಧವಾಗದು. ಚಿತ್ರಚರಿತ್ರೆ ಈ ವಿವೇಕವನ್ನು ಪದೇಪದೇ ಸಮರ್ಥಿಸಿದೆ. ಕಾರ್ಲ್ ಡ್ರೆಯರ್‌ನ ‘ದಿ ಪ್ಯಾಷನ್ ಆಫ್ ಜೋನ್ ಆಫ್ ಆರ್ಕ್’ ಚಿತ್ರದ ಮೂಲರೂಪ ಸುಟ್ಟುಹೋಯಿತೆಂದು ದಶಕಗಳ ಕಾಲ ನಂಬಲಾಗಿದ್ದು, 1981ರಲ್ಲಿ ಓಸ್ಲೋದ ಮನೋರೋಗ ಚಿಕಿತ್ಸಾಲಯವೊಂದರಲ್ಲಿ ಅದರ ಪ್ರತಿ ಸಿಕ್ಕಿತು. 1919ರ ಭಾರತೀಯ ಮೂಕಿಚಿತ್ರ ‘ಬಿಲ್ವಮಂಗಳ’ದ ಉಳಿದ ಭಾಗ ಪ್ಯಾರಿಸಿನ ಸಂಗ್ರಹದಿಂದ 2016ರಲ್ಲಿ ಪುಣೆಗೆ ಬಂದಿತು. ಇದಕ್ಕೆ ಪ್ರತಿಯಾಗಿ, ಟಾಡ್ ಬ್ರೌನಿಂಗ್‌ನ 1927ರ ರಹಸ್ಯಚಿತ್ರ ‘ಲಂಡನ್ ಆಫ್ಟರ್ ಮಿಡ್‌ನೈಟ್’ನ ಕೊನೆಯ ಪ್ರತಿ ಉಗ್ರಾಣದ ಬೆಂಕಿಯಲ್ಲಿ ಹೋಯಿತೆಂಬುದಕ್ಕೆ ಆಧಾರವಿದೆ, ಸ್ಥಿರಚಿತ್ರಗಳನ್ನು ಜೋಡಿಸಿ 2002ರಲ್ಲಿ ಮಾಡಿದ ಪುನಾರಚನೆ ಅದರ ಛಾಯೆಯನ್ನಷ್ಟೇ ಕೊಡಬಲ್ಲದು.

ಇಂಥ ನಷ್ಟವನ್ನು ಶೂನ್ಯ, ಬಯಲು ಎಂಬ ಹಿರಿಯ ಪರಿಭಾಷೆಯಲ್ಲಿ ಸಮಾಧಾನಪಡಿಸಿಕೊಳ್ಳುವ ಪ್ರವೃತ್ತಿಯೂ ಈ ಸೀಮೆಯಲ್ಲಿ ಹುಟ್ಟಬಹುದು, ಏಕೆಂದರೆ ಕುಣಿಗಲ್ ತಾಲ್ಲೂಕಿನ ಎಡೆಯೂರಿನಲ್ಲಿ ನೆಲೆಸಿದ ತೋಂಟದ ಸಿದ್ಧಲಿಂಗ ಯತಿಗಳ ಪರಂಪರೆಯೂ, ತುಮಕೂರಿನ ಬಳಿಯ ಗೂಳೂರಿನ ಸಿದ್ಧವೀರಣ್ಣೊಡೆಯರು ಸಂಕಲಿಸಿದ ಶೂನ್ಯಸಂಪಾದನೆಯೂ ಇಲ್ಲಿಯವೇ. ಆದರೆ ಶರಣರ ಶೂನ್ಯವು ಅಂಗ-ಲಿಂಗಗಳೆಂಬ ಭೇದ ಕರಗಿದ ಪೂರ್ಣತೆಯೇ ಹೊರತು ಕಳೆದುಕೊಂಡದ್ದರ ಖಾಲಿತನವಲ್ಲ. ಅದು ಸಾಧನೆಯಿಂದ ಸಂಪಾದಿಸಬೇಕಾದದ್ದು. ಅಲಕ್ಷ್ಯದಿಂದ ಕೊಳೆತ ಸುರುಳಿಗೆ ಆ ಹೆಸರು ಕೊಡುವುದು ಶರಣರಿಗೂ ನ್ಯಾಯವಲ್ಲ, ದುಡಿದ ಕಲಾವಿದರಿಗೂ ನ್ಯಾಯವಲ್ಲ. ನೈಯಾಯಿಕರ ಕಠಿಣವಾದ ಮಾತೇ ಇಲ್ಲಿ ಹೆಚ್ಚು ಕರುಣೆಯುಳ್ಳದ್ದು: ಧ್ವಂಸವಾದದ್ದೇ ನಿಜವಾದರೂ ಆ ಅಭಾವ ಎಂದೆಂದಿಗೂ ಇದೇ ಪ್ರತಿಯೋಗಿಯ ಅಭಾವವಾಗಿ ಉಳಿಯುತ್ತದೆ, ಬೇರೊಂದು ಚಿತ್ರ ಬಂದು ಅದನ್ನು ತುಂಬಲಾರದು.

‘ಹರಿಮಾಯ’ದ ವಿಷಯದಲ್ಲಿ ಸದ್ಯಕ್ಕೆ ಹೇಳಬಹುದಾದದ್ದು ಅನುಪಲಬ್ಧಿಯನ್ನಷ್ಟೇ. ಹಳೆಯ ವಿತರಕರ ಗೋದಾಮುಗಳು, ಟೂರಿಂಗ್ ಟಾಕೀಸ್ ನಡೆಸಿದವರ ಮನೆಗಳ ಅಟ್ಟಗಳು, ಹೊರದೇಶಗಳ ಸಂಗ್ರಹಗಳಲ್ಲಿ ಗುರುತು ಹಚ್ಚದೆ ಉಳಿದ ಭಾರತೀಯ ಸುರುಳಿಗಳು, ಅಲ್ಗೊಯೆಟ್ ಅವರ ಚಿತ್ರಗಳ ಮಟ್ಟಿಗಾದರೆ ಬೆಲ್ಜಿಯಂ ದೇಶದ ಸಂಗ್ರಹಗಳು, ಇವೆಲ್ಲವನ್ನೂ ಹೆಸರು ಹಿಡಿದು ಶೋಧಿಸಿದ ಮೇಲಷ್ಟೇ ಆ ಅನುಪಲಬ್ಧಿಗೆ ಯೋಗ್ಯತೆ ಬಂದು, ‘ನಾಶವಾಯಿತು’ ಎಂಬ ವಾಕ್ಯವನ್ನು ಚರಿತ್ರೆಯ ಪುಟದಲ್ಲಿ ಬರೆಯುವ ಅಧಿಕಾರ ದೊರೆಯುತ್ತದೆ.