ಮಾಡಿದವರು, ಮಾಡಿಸಿದವರು, ಮೆಚ್ಚಿದವರು

ಕೊಪ್ಪಳದ ಗವಿಮಠದ ಗುಡ್ಡದಲ್ಲಿ ಅಶೋಕನ ಮಾತೊಂದು ಕಲ್ಲಾಗಿ ಉಳಿದಿದೆ. 1931ರಲ್ಲಿ ಬೆಳಕಿಗೆ ಬಂದ ಆ ಶಾಸನದಲ್ಲಿ ಚಕ್ರವರ್ತಿ ಮೊದಲು ತನ್ನ ಕೊರತೆಯನ್ನೇ ಹೇಳಿಕೊಳ್ಳುತ್ತಾನೆ. ಉಪಾಸಕನಾಗಿ ಎರಡೂವರೆ ವರ್ಷಕ್ಕೂ ಹೆಚ್ಚಾಯಿತು, ಆದರೆ ಮೊದಲಲ್ಲಿ ತಾನು ಅಷ್ಟಾಗಿ ಶ್ರಮಿಸಲಿಲ್ಲ ಎಂದು ಒಪ್ಪಿಕೊಳ್ಳುತ್ತಾನೆ. ಶ್ರಮಿಸಿದರೆ ದೊಡ್ಡವರಿಗೆ ಮಾತ್ರವಲ್ಲ, ಸಣ್ಣವರಿಗೂ ಸ್ವರ್ಗ ಸಿಕ್ಕೀತು ಎಂಬುದು ಅವನ ಸಂದೇಶ. ಈ ಮಾತು ಎಲ್ಲರಿಗೂ ಮುಟ್ಟಲಿ, ಬಹುಕಾಲ ಬಾಳಲಿ, ಬಂಡೆಗಳ ಮೇಲೆ ಕೆತ್ತಿಸಿ ಎಂದು ಅಪ್ಪಣೆ ಕೊಡುತ್ತಾನೆ. ಒಬ್ಬನ ಮಾತನ್ನು ಊರೂರಿಗೆ ಮುಟ್ಟಿಸುವ ಕೆಲಸ ಈ ನೆಲಕ್ಕೆ ಹೊಸದಲ್ಲ.

ಅದೇ ಊರಿನ ಪಾಲ್ಕಿಗುಂಡಿನ ಮೇಲೂ ಅಶೋಕನ ಅದೇ ಸಂದೇಶವಿದೆ. ಅದರ ಹತ್ತಿರದಲ್ಲೇ ಒಂದು ಜೋಡಿ ಪಾದಗಳನ್ನು ಕೊರೆಯಲಾಗಿದೆ. ಅವು ‘ವರಾಂಗಚರಿತ’ ಬರೆದ ಜೈನ ಮುನಿ ಜಟಾಸಿಂಹನಂದಿಯ ಪಾದಗಳು. ಕೆಳಗಿನ ಹಳಗನ್ನಡದ ಸಾಲು ಆ ಪಾದಗಳನ್ನು ಚಾವಯ್ಯನೆಂಬಾತ ಮಾಡಿಸಿದ ಎನ್ನುತ್ತದೆ. ಉಳಿ ಹಿಡಿದು ಕೊರೆದ ಶಿಲ್ಪಿಯ ಹೆಸರು ಅಲ್ಲಿಲ್ಲ. ಹಳೆಯ ಯಲಬುರ್ಗಾ ತಾಲ್ಲೂಕಿನ ಇಟಗಿಗೆ ಹೋದರೂ ಇದೇ ಮಾತು. ತನ್ನ ಶಾಸನದಲ್ಲೇ ‘ದೇವಾಲಯ ಚಕ್ರವರ್ತಿ’ ಎಂದು ಕರೆಸಿಕೊಂಡ ಅಲ್ಲಿನ ಮಹಾದೇವ ದೇವಾಲಯವನ್ನು 1112ರಲ್ಲಿ ಕಟ್ಟಿಸಿದವನು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ. ಅವನು ಒಂದು ಕಲ್ಲನ್ನೂ ಹೊತ್ತಿರಲಾರ. ಆದರೂ ಪುಣ್ಯ ಅವನದೇ ಎಂಬುದರಲ್ಲಿ ಆ ಕಾಲಕ್ಕಾಗಲಿ, ಇಂದಿನವರಿಗಾಗಲಿ ಅನುಮಾನವಿಲ್ಲ. ಕನ್ನಡದಲ್ಲಿ ಮಾಡುವುದು ಬೇರೆ, ಮಾಡಿಸುವುದು ಬೇರೆ. ಆದರೆ ಮಾಡಿಸಿದವನು ಹೊರಗಿನವನಲ್ಲ.

ಪುಣ್ಯಕ್ಕೆ ಈ ಲೆಕ್ಕವಾದರೆ ಪಾಪಕ್ಕೆ?

ಕೊಪ್ಪಳವನ್ನು, ಅಂದರೆ ಹಳೆಯ ಕೊಪಣವನ್ನು, ಮಹಾತೀರ್ಥವೆಂದು ಕರೆದ ಜೈನರು ಈ ಪ್ರಶ್ನೆಗೆ ಬಹಳ ಹಿಂದೆಯೇ ಉತ್ತರ ಕೊಟ್ಟಿದ್ದಾರೆ. ‘ತತ್ತ್ವಾರ್ಥಸೂತ್ರ’ದ ಆರನೆಯ ಅಧ್ಯಾಯ ಕರ್ಮ ಹೇಗೆ ಅಂಟುತ್ತದೆಂದು ವಿವರಿಸುವಾಗ ಮೂರು ಬಾಗಿಲುಗಳನ್ನು ಹೆಸರಿಸುತ್ತದೆ: ಕೃತ, ಕಾರಿತ, ಅನುಮತ. ಅಂದರೆ ತಾನೇ ಮಾಡಿದ್ದು, ಇನ್ನೊಬ್ಬರಿಂದ ಮಾಡಿಸಿದ್ದು, ಮಾಡಿದ್ದನ್ನು ಕಂಡು ಮೆಚ್ಚಿದ್ದು. ಮನಸ್ಸು, ಮಾತು, ಮೈ ಎಂಬ ಮೂರು ದಾರಿ. ಸಂಕಲ್ಪ, ಸಿದ್ಧತೆ, ಆರಂಭ ಎಂಬ ಮೂರು ಹಂತ. ಕ್ರೋಧ, ಮಾನ, ಮಾಯೆ, ಲೋಭ ಎಂಬ ನಾಲ್ಕು ಕಷಾಯ. ಎಲ್ಲವನ್ನೂ ಗುಣಿಸಿದರೆ 108. ಜಪಮಾಲೆಯ ಮಣಿಗಳ ಸಂಖ್ಯೆಗೆ ಜೈನರು ಕೊಡುವ ವಿವರಣೆಗಳಲ್ಲಿ ಇದೂ ಒಂದು. ಸಾಮಾಜಿಕ ಜಾಲತಾಣಗಳ ಹಾನಿಯನ್ನೂ ಅವುಗಳನ್ನು ನಡೆಸುವ ಕಂಪನಿಗಳ ಹೊಣೆಯನ್ನೂ ಅಳೆಯಲು ಇದಕ್ಕಿಂತ ಸೂಕ್ಷ್ಮವಾದ ತಕ್ಕಡಿ ಸಿಗುವುದು ಕಷ್ಟ.

2018ರ ಜುಲೈ 13ರಂದು ಬೀದರ್ ಜಿಲ್ಲೆಯಲ್ಲಿ ನಡೆದದ್ದನ್ನು ಈ ತಕ್ಕಡಿಯಲ್ಲಿಟ್ಟು ನೋಡಬೇಕು. ಹೈದರಾಬಾದಿನಿಂದ ಬಂದ ಗೆಳೆಯರ ಗುಂಪೊಂದು ಔರಾದ್ ಕಡೆಯ ಹಂದಿಕೇರಾ ಬಳಿ ಶಾಲಾ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿತು. ಮಕ್ಕಳ ಕಳ್ಳರೆಂಬ ಸುಳ್ಳು ಸುದ್ದಿ ವಾರಗಳಿಂದ ಫೋನಿನಿಂದ ಫೋನಿಗೆ ಓಡುತ್ತಿದ್ದ ಕಾಲ ಅದು. ಅನುಮಾನ ಕೂಗಾಯಿತು, ಕೂಗು ಗದ್ದಲವಾಯಿತು. ಅವರು ಕಾರು ಹತ್ತಿ ಪಾರಾಗಲು ನೋಡಿದರು. ಕಾರಿಗಿಂತ ಮುಂಚೆ ಅವರ ವಿಡಿಯೊ ಮುರ್ಕಿ ಗ್ರಾಮದ ವಾಟ್ಸ್‌ಆ್ಯಪ್ ಗುಂಪು ಮುಟ್ಟಿತ್ತು. ಮುರ್ಕಿಯಲ್ಲಿ ರಸ್ತೆಗೆ ಅಡ್ಡಗಟ್ಟಿದ್ದರು, ಕಾರು ಹಳ್ಳಕ್ಕೆ ಬಿತ್ತು, ಜನ ಮುಗಿಬಿದ್ದರು. ಆ ಗೆಳೆಯರಲ್ಲಿ ಯುವ ಎಂಜಿನಿಯರ್ ಒಬ್ಬ ಅಲ್ಲೇ ಜೀವ ಕಳೆದುಕೊಂಡ. ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟಾಯಿತು. ಬಂಧಿತರಲ್ಲಿ ವಾಟ್ಸ್‌ಆ್ಯಪ್ ಗುಂಪಿನ ಅಡ್ಮಿನ್ ಕೂಡ ಇದ್ದ.

ಕಲ್ಲೆಸೆದವರು ‘ಮಾಡಿದವರು’. ಅವರನ್ನು ಹುಡುಕುವುದು ಪೊಲೀಸರಿಗೆ ಗೊತ್ತು. ಉಳಿದ ಇಬ್ಬರು ಯಾರು?

ಇಲ್ಲಿ ಕನ್ನಡದ ಒಂದು ಪುಟ್ಟ ಪ್ರತ್ಯಯ ನೆನಪಾಗಬೇಕು. ಕುಷ್ಟಗಿಯ ಸಂತೆಯಲ್ಲೋ ಗಂಗಾವತಿಯ ಬಸ್ ನಿಲ್ದಾಣದಲ್ಲೋ ಯಾರಾದರೂ ಸುದ್ದಿ ಹೇಳಿದರೆ ಕೊನೆಗೊಂದು ‘ಅಂತ’ ಸೇರಿಸುತ್ತಾರೆ: ‘ಕಳ್ಳರು ಬಂದಾರಂತ.’ ಮೈಸೂರು ಕಡೆ ಅದು ‘ಬಂದಿದ್ದಾರಂತೆ’. ಆ ಒಂದು ಪ್ರತ್ಯಯದಲ್ಲಿ ಹೇಳುವವರ ಪ್ರಾಮಾಣಿಕತೆ ಇರುತ್ತದೆ: ನಾನು ಕಂಡಿಲ್ಲ, ಕೇಳಿದ್ದೇನೆ, ಬೇಕಾದರೆ ನೀವೇ ವಿಚಾರಿಸಿರಿ. ಕೇಳಿದವರು ‘ಯಾರಂದ್ರೋ?’ ಎಂದು ತಿರುಗಿ ಕೇಳಬಹುದು. ಅಂತೆಕಂತೆಗಳ ಸಂತೆ ಎಂದು ತಳ್ಳಿಹಾಕಲೂಬಹುದು. ಫಾರ್ವರ್ಡ್ ಗುಂಡಿ ಒತ್ತಿದಾಗ ಮೊದಲು ಉದುರಿ ಹೋದದ್ದು ಈ ‘ಅಂತೆ’. ನೂರು ಕೈ ದಾಟಿ ಬಂದ ವಿಡಿಯೊ ಕೂಡ ಸೋದರಮಾವ ತಾನೇ ಕಂಡು ಕಳಿಸಿದ ಹಾಗೆ ಬಂದು ಕೂರುತ್ತಿತ್ತು. ಯಾವುದೇ ಹಳ್ಳಿಗನ ಅಜ್ಞಾನ ಇದಕ್ಕೆ ಕಾರಣವಲ್ಲ. ತೆರೆಯ ಮೇಲೆ ಏನು ಕಾಣಬೇಕು, ಏನು ಕಾಣಬಾರದು ಎಂದು ಯಾರೋ ಒಂದು ಕಚೇರಿಯಲ್ಲಿ ಕೂತು ತೀರ್ಮಾನಿಸಿದ್ದರು.

ಆ ತೀರ್ಮಾನ ಬದಲಾಯಿಸಬಹುದಾಗಿತ್ತು ಎಂಬುದಕ್ಕೆ ಪುರಾವೆ ಕಂಪನಿಯೇ ಕೊಟ್ಟಿದೆ. ಮಹಾರಾಷ್ಟ್ರದ ಧುಳೆ ಜಿಲ್ಲೆಯಲ್ಲಿ ಇದೇ ವದಂತಿಗೆ ಐವರು ಬಲಿಯಾದ ಮೇಲೆ, 2018ರ ಜುಲೈನಲ್ಲಿ ವಾಟ್ಸ್‌ಆ್ಯಪ್ ಸಂದೇಶಗಳ ಮೇಲೆ ‘ಫಾರ್ವರ್ಡೆಡ್’ ಎಂಬ ಪಟ್ಟಿ ಹಚ್ಚತೊಡಗಿತು. ಉದುರಿದ ‘ಅಂತೆ’ಯನ್ನು ತಡವಾಗಿ ಹಿಂತಿರುಗಿಸಿದ ಹಾಗೆ. ಅದೇ ತಿಂಗಳು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಕಳಿಸಬಹುದೆಂದು ಮಿತಿ ಹಾಕಿತು. ಆಗ ಒಂದು ಗುಂಪಿನಲ್ಲಿ 256 ಜನರಿಗೆ ಜಾಗವಿತ್ತು. ಐದು ಗುಂಪಿಗೆ ಕಳಿಸಿದರೂ 1,280 ಜನ. 2020ರ ಏಪ್ರಿಲ್‌ನಲ್ಲಿ, ಪದೇ ಪದೇ ಫಾರ್ವರ್ಡ್ ಆದ ಸಂದೇಶವನ್ನು ಒಮ್ಮೆಗೆ ಒಂದೇ ಕಡೆಗೆ ಎಂದು ಬಿಗಿಗೊಳಿಸಿದಾಗ ಅಂಥ ಸಂದೇಶಗಳ ಹರಿವು ಶೇ 70ರಷ್ಟು ಇಳಿಯಿತೆಂದು ಕಂಪನಿಯೇ ಹೇಳಿಕೊಂಡಿತು. ಒಂದು ಅಂಕಿ ತಿದ್ದಿದರೆ ಶೇ 70ರಷ್ಟು ಇಳಿಯುವುದಾದರೆ, ಆ ಅಂಕಿಯನ್ನು ಅದಕ್ಕೂ ಮೊದಲು ಅಷ್ಟು ದೊಡ್ಡದಾಗಿ ಇಟ್ಟಿದ್ದೂ ಒಂದು ಕೃತ್ಯವೇ. ಜೈನರ ಮಾತಿನಲ್ಲಿ ಅದು ಕಾರಿತ.

ಬೆಂಗಳೂರು ಇದಕ್ಕೂ ಮೊದಲೇ ಈ ಪಾಠ ಕಂಡಿತ್ತು. 2012ರ ಆಗಸ್ಟ್‌ನಲ್ಲಿ ದಾಳಿಯ ವದಂತಿಗೆ ಬೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಗುವಾಹಟಿಯ ವಿಶೇಷ ರೈಲುಗಳನ್ನು ಹತ್ತಿದಾಗ, ಕೇಂದ್ರ ಸರ್ಕಾರ ಸಗಟು ಎಸ್‌ಎಂಎಸ್‌ಗಳನ್ನು ಕೆಲವು ದಿನ ತಡೆದಿತ್ತು. ಅಲ್ಲಿಯೂ ಮಿತಿ ಐದೇ ಆಗಿತ್ತು. 2018ರ ಹೊತ್ತಿಗೆ ಆರು ವರ್ಷ ಹಳೆಯದಾಗಿದ್ದ ಈ ಅನುಭವ ಯಾರಿಗೂ ಗುಟ್ಟಾಗಿರಲಿಲ್ಲ.

ವಾಟ್ಸ್‌ಆ್ಯಪ್‌ಗೆ ಸಂದೇಶದೊಳಗೆ ಏನಿದೆಯೆಂದು ಕಾಣುವುದಿಲ್ಲ ಎಂಬ ವಾದವಾದರೂ ಇದೆ. ಫೇಸ್‌ಬುಕ್‌ಗೆ ಆ ಮರೆಯೂ ಇಲ್ಲ. ಯಾವ ಪೋಸ್ಟ್ ಮೇಲೇರಬೇಕು, ಯಾವುದು ಮುಳುಗಬೇಕೆಂದು ಅದೇ ತೂಗುತ್ತದೆ. 2021ರಲ್ಲಿ ಮಾಜಿ ಉದ್ಯೋಗಿ ಫ್ರಾನ್ಸಿಸ್ ಹಾಗೆನ್ ಹೊರತಂದ ಕಂಪನಿಯ ಒಳಕಾಗದಗಳು ತೋರಿಸಿದಂತೆ, 2017ರಿಂದ ಒಂದು ಸಿಟ್ಟಿನ ಇಮೋಜಿಗೆ ಐದು ಲೈಕ್‌ಗಳಷ್ಟು ತೂಕ ಕೊಡಲಾಗುತ್ತಿತ್ತು. ಸಿಟ್ಟು ಹೆಚ್ಚು ಗಳಿಸುವ ಪೋಸ್ಟ್‌ಗಳಲ್ಲಿ ಸುಳ್ಳು, ವಿಷ ಹೆಚ್ಚೆಂದು ಕಂಪನಿಯ ತಜ್ಞರೇ ಕಂಡುಕೊಂಡರು. ಆ ತೂಕ ಹಂತಹಂತವಾಗಿ ಕರಗಿ ಸೊನ್ನೆಗೆ ಇಳಿದದ್ದು 2020ರ ಸೆಪ್ಟೆಂಬರ್‌ನಲ್ಲಿ. ಅದಕ್ಕೆ ಕೆಲವೇ ವಾರ ಮೊದಲು, ಆಗಸ್ಟ್ 11ರ ರಾತ್ರಿ, ಒಂದು ಫೇಸ್‌ಬುಕ್ ಪೋಸ್ಟ್‌ನಿಂದ ಕೆರಳಿದ ಜನ ಬೆಂಗಳೂರಿನ ಡಿ.ಜೆ. ಹಳ್ಳಿ, ಕೆ.ಜಿ. ಹಳ್ಳಿಗಳಲ್ಲಿ ಬೆಂಕಿ ಹಚ್ಚಿದ್ದರು. ಪೊಲೀಸ್ ಗೋಲಿಬಾರಿನಲ್ಲಿ ಪ್ರಾಣಗಳು ಹೋದವು. ಆ ರಾತ್ರಿಗೂ ಆ ತೂಕಕ್ಕೂ ನೇರ ಗಂಟು ಹಾಕುವುದು ನ್ಯಾಯವಲ್ಲ. ಆದರೆ ಕ್ರೋಧಕ್ಕೆ ಒಮ್ಮೆ ಐದರಷ್ಟು ಬೆಲೆ ಕಟ್ಟಿದ್ದ ಪೇಟೆಯಲ್ಲಿ ಆ ಸರಕು ಹೆಚ್ಚಲಿಲ್ಲ ಎನ್ನಲು ಯಾರಿಗೂ ಬಾಯಿ ಬರಲಾರದು. ಓದುಗನ ಕ್ರೋಧ ಕಂಪನಿಯ ಲೋಭಕ್ಕೆ ಮೇವಾದಾಗ ಎರಡು ಕಷಾಯಗಳು ಒಂದೇ ಗಾಣಕ್ಕೆ ಹೆಗಲು ಕೊಡುತ್ತವೆ.

ಇದಕ್ಕೆ ಎದುರು ವಾದವೊಂದಿದೆ, ಅದು ಹಗುರವಾದದ್ದಲ್ಲ. ದ್ವೇಷ ಫೋನಿನಲ್ಲಿ ಹುಟ್ಟುವುದಿಲ್ಲ, ಮನುಷ್ಯರಲ್ಲಿ ಹುಟ್ಟುತ್ತದೆ ಎಂಬುದು ಅದರ ಸಾರ. ಗಂಗಾವತಿ ತಾಲ್ಲೂಕಿನ ಮರಕುಂಬಿಯೇ ಅದಕ್ಕೆ ಸಾಕ್ಷಿ. 2014ರ ಆಗಸ್ಟ್‌ನಲ್ಲಿ ಗಂಗಾವತಿಯ ಚಿತ್ರಮಂದಿರದಲ್ಲಿ ಶುರುವಾದ ಜಗಳ ಊರಿಗೆ ಬಂದು ದಲಿತರ ಗುಡಿಸಲುಗಳಿಗೆ ಬೆಂಕಿಯಾಯಿತು. ಹತ್ತು ವರ್ಷದ ಮೇಲೆ, 2024ರ ಅಕ್ಟೋಬರ್ 24ರಂದು, ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ, ಮೂವರಿಗೆ ಐದು ವರ್ಷದ ಶಿಕ್ಷೆ ವಿಧಿಸಿತು. ಪ್ರಕರಣ ಹೈಕೋರ್ಟ್ ಮೆಟ್ಟಿಲೂ ಏರಿತು. ಆ ಬೆಂಕಿಗೆ ಆ್ಯಪ್ ಬೇಕಾಗಿರಲಿಲ್ಲ, ಜಾತಿ ಸಾಕಾಗಿತ್ತು. ಇದು ನಿಜ. ಆದರೆ ಈ ಸತ್ಯ ಕಂಪನಿಗಳ ಹೊಣೆಯನ್ನು ಇಳಿಸುವುದಿಲ್ಲ, ಏರಿಸುತ್ತದೆ. ಬಣವೆ ಒಣಗಿದೆಯೆಂದು ಗೊತ್ತಿದ್ದವನು ಅದರ ಪಕ್ಕದಲ್ಲಿ ಕೊಳ್ಳಿ ಮಾರುವ ಅಂಗಡಿ ಇಟ್ಟರೆ, ಬಣವೆ ಒಣಗಿಸಿದ್ದು ನಾನಲ್ಲ ಎಂಬ ಮಾತು ಊರ ಕಟ್ಟೆಯ ಮೇಲೆ ನಿಲ್ಲುವುದಿಲ್ಲ.

ಕಾನೂನು ಈ ಮಾತನ್ನು ಅರ್ಧ ಮಾತ್ರ ಕೇಳಿಸಿಕೊಂಡಿದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 79ನೇ ಸೆಕ್ಷನ್ ಮಧ್ಯವರ್ತಿಗಳಿಗೆ ರಕ್ಷಣೆ ಕೊಡುತ್ತದೆ: ಬರೆದವರು ಬೇರೆ, ತಾವು ಹಲಗೆ ಮಾತ್ರ. 2015ರ ಶ್ರೇಯಾ ಸಿಂಘಾಲ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಮಾತಾಡಿದವರನ್ನೆಲ್ಲ ಹಿಡಿಯಲು ಬಳಕೆಯಾಗುತ್ತಿದ್ದ 66ಎ ಸೆಕ್ಷನ್ ಅನ್ನು ರದ್ದು ಮಾಡಿತು. ನ್ಯಾಯಾಲಯದ ಆದೇಶ ಅಥವಾ ಸರ್ಕಾರದ ಸೂಚನೆ ಬಂದರೆ ಮಾತ್ರ ತಾಣಗಳು ಬರಹ ತೆಗೆಯಬೇಕೆಂದೂ ಹೇಳಿತು. 2025ರ ಸೆಪ್ಟೆಂಬರ್ 24ರಂದು ಕರ್ನಾಟಕ ಹೈಕೋರ್ಟ್, ಬರಹ ತೆಗೆಯುವಂತೆ ತಾಣಗಳಿಗೆ ಸೂಚನೆ ಕಳಿಸುವ ಕೇಂದ್ರದ ‘ಸಹಯೋಗ್’ ಪೋರ್ಟಲ್ ವಿರುದ್ಧ ಎಕ್ಸ್ ಕಂಪನಿ ಹಾಕಿದ್ದ ಅರ್ಜಿಯನ್ನು ತಳ್ಳಿಹಾಕಿತು. ಸರ್ಕಾರಕ್ಕೆ ಅಳಿಸುವ ಅಧಿಕಾರ ಎಷ್ಟಿರಬೇಕೆಂಬುದು ಅಲ್ಲಿನ ತಕರಾರು. ಆ ಭಯಕ್ಕೂ ಕಾರಣವಿದೆ. ಆದರೆ ಈ ವ್ಯಾಜ್ಯದಲ್ಲಿ ಮಾತಾಡುವವರು ಸರ್ಕಾರ ಮತ್ತು ಕಂಪನಿ. ಮುರ್ಕಿಯ ಹಳ್ಳದಲ್ಲಿ ಬಿದ್ದವನ ಪರವಾಗಿ, ‘ಇದನ್ನು ಅಷ್ಟು ದೂರ ಓಡಿಸಿದವರು ಯಾರು’ ಎಂದು ಕೇಳುವವರು ಅಲ್ಲಿಲ್ಲ. ಏನನ್ನು ಅಳಿಸಬೇಕು ಎಂಬುದಕ್ಕಿಂತ ಯಾವುದನ್ನು ಎಷ್ಟು ವೇಗದಲ್ಲಿ ಹಬ್ಬಿಸಲಾಯಿತು ಎಂಬುದು ಬೇರೆಯ ಪ್ರಶ್ನೆ. ಮೊದಲನೆಯದು ಮಾತಿನ ಸ್ವಾತಂತ್ರ್ಯವನ್ನು ಮುಟ್ಟುತ್ತದೆ, ಎರಡನೆಯದು ವ್ಯಾಪಾರದ ರೀತಿಯನ್ನು.

ಮಾತಿನ ಸಂಯಮ ಎಂದರೆ ಬಾಯಿ ಮುಚ್ಚಿಸುವುದಲ್ಲ ಎಂಬ ಅರಿವು ಈ ಸೀಮೆಗೆ ಹಳೆಯದು. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ಕನ್ನಡದ ತಿರುಳ ನಾಡನ್ನು ಗುರುತಿಸುವಾಗ ಕೊಪಣನಗರವನ್ನು ಹೆಸರಿಸುತ್ತದೆ. ಪರರ ವಿಚಾರವನ್ನೂ ಪರಧರ್ಮವನ್ನೂ ಸೈರಿಸಬಲ್ಲುದೇ ನಿಜವಾದ ಸಿರಿ ಎಂಬ ಅರ್ಥದ ಮಾತೂ ಅದೇ ಗ್ರಂಥದಲ್ಲಿದೆ. ಅಶೋಕನ ಹನ್ನೆರಡನೆಯ ಶಾಸನ ಬೇಡುವ ವಚೋಗುಪ್ತಿ ಎಂದರೆ, ತನ್ನ ಪಂಥವನ್ನು ಹೊಗಳಲು ಪರರದನ್ನು ಸಂದರ್ಭವಿಲ್ಲದೆ ಹಳಿಯದಿರುವುದು, ಸಂದರ್ಭವಿದ್ದರೂ ಹದ ಮೀರದಿರುವುದು. ಭಿನ್ನಮತಕ್ಕೆ ಅಲ್ಲಿ ಜಾಗವಿದೆ, ಕೀಳು ಮಾಡುವುದಕ್ಕಿಲ್ಲ.

ಮೂರನೆಯ ಬಾಗಿಲು ಉಳಿಯಿತು: ಮೆಚ್ಚಿದವರು. ಕೊಪ್ಪಳ ಜಿಲ್ಲೆಯ ಹಳ್ಳಿಗಳಲ್ಲಿ ಮೊಹರಂ ಬಂದರೆ ಅಲಾಯಿ ಕುಣಿಯ ಸುತ್ತ ಹಿಂದೂಗಳೂ ಹೆಜ್ಜೆ ಹಾಕುತ್ತಾರೆ, ಪೀರಲ ದೇವರಿಗೆ ಹರಕೆ ಹೊರುತ್ತಾರೆ. ಆ ಹೆಜ್ಜೆಮೇಳದಲ್ಲಿ ಕೂಡಿದ ಕೈಗಳೇ ರಾತ್ರಿ ಫೋನ್ ಹಿಡಿದು, ನೆರೆಯವರನ್ನು ಹೀನಾಯವಾಗಿ ಬೈದ ವಿಡಿಯೊಗೆ ಹೆಬ್ಬೆರಳು ಒತ್ತಿದರೆ, ಆ ಒತ್ತಿಗೆ ಹೆಸರು ಅನುಮತ. ತಾನು ಬರೆದಿಲ್ಲ, ಸುಮ್ಮನೆ ಒತ್ತಿದೆ ಎಂಬ ಸಮಾಧಾನವನ್ನು ಜೈನರ ಲೆಕ್ಕ ಒಪ್ಪುವುದಿಲ್ಲ. ಸುದ್ದಿ ತಂದವನ ಮಾತನ್ನು ವಿಚಾರಿಸದೆ ನಡೆದು ಅಮಾಯಕರಿಗೆ ಕೇಡು ಮಾಡಬೇಡಿ ಎಂಬ ಎಚ್ಚರಿಕೆ ಕುರ್‌ಆನಿನ ಹುಜುರಾತ್ ಅಧ್ಯಾಯದಲ್ಲೂ ಇದೆ. ಆದರೆ ಇಲ್ಲಿಯೂ ಹೊಣೆ ಸಮನಲ್ಲ. ಒತ್ತಿದವಳು ಹೊಲದಿಂದ ಬಂದು ದಣಿದ ತಾಯಿಯಾಗಿರಬಹುದು. ಆ ಒತ್ತನ್ನು ಎಣಿಸಿ, ತೂಗಿ, ಮತ್ತೂ ಕಟುವಾದ ಇನ್ನೊಂದನ್ನು ಅವಳ ಮುಂದಿಟ್ಟದ್ದು ಯಂತ್ರ, ಅದರ ಹಿಂದಿನ ಜಾಹೀರಾತಿನ ಲೆಕ್ಕ.

ಹೊಣೆ ಹೊರುವುದೆಂದರೆ ಹೇಗಿರುತ್ತದೆ? ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ 1989ರಲ್ಲಿ ಪತ್ತೆಯಾದ ಶಿಲಾಫಲಕದಲ್ಲಿ ಹನ್ನೆರಡನೆಯ ಶಾಸನದ ಜೊತೆಗೆ ಹದಿನಾಲ್ಕನೆಯದೂ ಇದೆ. ಅದರಲ್ಲಿ ಅಶೋಕ, ತನ್ನ ಶಾಸನಗಳು ಕೆಲವೆಡೆ ಅಪೂರ್ಣವಾಗಿರಬಹುದು, ಲಿಪಿಕಾರನಿಂದ ತಪ್ಪಾಗಿರಬಹುದು ಎಂದು ಬರೆಸಿದ್ದಾನೆ. ಮಾತನ್ನು ಹಬ್ಬಿಸಿದವನು ಹಬ್ಬಿಸುವಾಗ ಆದ ದೋಷವನ್ನೂ ಅದೇ ಕಲ್ಲಿನ ಮೇಲೆ, ಅದೇ ಓದುಗರ ಮುಂದೆ ಒಪ್ಪಿಕೊಂಡ ರೀತಿ ಅದು. ಇಂದಿನ ತಾಣಗಳಿಗೂ ಇದು ಅಸಾಧ್ಯವಲ್ಲ: ಕೊರೊನಾ ಕಾಲದಲ್ಲಿ, 2020ರ ಏಪ್ರಿಲ್‌ನಲ್ಲಿ, ಅಪಾಯಕಾರಿ ಸುಳ್ಳುಗಳಿಗೆ ಪ್ರತಿಕ್ರಿಯಿಸಿದ್ದವರಿಗೆ ಹುಡುಕಿ ಸೂಚನೆ ತೋರಿಸುವುದಾಗಿ ಫೇಸ್‌ಬುಕ್ ಪ್ರಕಟಿಸಿತ್ತು. ಆದರೆ 2021ರ ಐಟಿ ನಿಯಮಗಳು ಬಂದಾಗ ಸಾಮಾನ್ಯ ದೂರಿಗೆ ಕೊಟ್ಟ ಗಡುವು 15 ದಿನ. ಮುರ್ಕಿಯ ಸಾವಿಗೆ ಕೆಲವೇ ಗಂಟೆ ಸಾಕಾಗಿತ್ತು.

ಜನವರಿಯಲ್ಲಿ ಗವಿಸಿದ್ಧೇಶ್ವರ ಜಾತ್ರೆಗೆ ಲಕ್ಷಾಂತರ ಜನ ಅಶೋಕನ ಆ ಬಂಡೆಯಿರುವ ಗುಡ್ಡದ ಕೆಳಗೆ ಸೇರುತ್ತಾರೆ. ಇಂಥ ಜಾತ್ರೆಗಳಲ್ಲಿ ಮಗು ತಪ್ಪಿಸಿಕೊಂಡರೆ ಮೈಕಿನಲ್ಲಿ ಕೂಗುತ್ತಾರೆ: ಇಂಥ ಅಂಗಿ, ಇಷ್ಟು ವಯಸ್ಸು, ಕಂಡವರು ಇಲ್ಲಿಗೆ ಕರಕೊಂಡು ಬರ್ರಿ. ತಾಯಿ ಓಡಿ ಬಂದು ಎತ್ತಿಕೊಂಡ ಮೇಲೆ ಮೈಕು ಸುಮ್ಮನಾಗುವುದಿಲ್ಲ. ಮೊದಲ ಕೂಗು ಎಷ್ಟು ದೂರ ಹೋಗಿತ್ತೋ ಅಷ್ಟೇ ದೂರಕ್ಕೆ, ಅದೇ ಗಂಟಲಿನಲ್ಲಿ ಇನ್ನೊಂದು ಕೂಗು ಹೋಗುತ್ತದೆ: ‘ಕೂಸು ಸಿಕ್ಕೈತ್ರೀ, ಯಾರೂ ಗಾಬರಿ ಆಗಬ್ಯಾಡ್ರೀ.’